ಎಡಗೈಯ ಅಚ್ಚು

ಹೊಸಪೇಟೆಯ ಮೈದಾನದ ಬಿಲ್ಲುಗಾರಿಕೆ ಪಂದ್ಯದಲ್ಲಿ ಹುಲುಗಮ್ಮನ ಬಿಲ್ಲು ಕೈಯಲ್ಲೇ ತಿರುಚಿಕೊಂಡು, ಬಾಣ ಗುರಿ ಬಿಟ್ಟು ಶಾಮಿಯಾನಕ್ಕೆ ನಾಟಿತ್ತು. "ಈ ಹಿಡಿ ಕೂಡ್ಸಿದ ಬಡಗಿ ಯಾವನ್ರೀ?" ಎಂದು ಕೋಚ್ ಮೈಕಿನಲ್ಲೇ ಕೇಳಿದ್ದರು. ಜನರ ನಡುವೆ ನಿಂತಿದ್ದ ಮೌನೇಶ ತಲೆ ತಗ್ಗಿಸಿದ್ದ. ತಪ್ಪು ತನ್ನದೆಂದು ಗೊತ್ತಿದ್ದೂ ಹುಲುಗಮ್ಮ ತುಟಿ ಪಿಟಕ್ಕೆನ್ನಲಿಲ್ಲ.

ಮರುದಿನ ಅವಳು ಸಂಡೂರಿನ ಅವನ ಅಂಗಡಿಗೆ ಬಂದಾಗ, ಆತ ಆ ಹಿಡಿಯನ್ನು ಉಳಿ ಹಾಕಿ ಬಿಲ್ಲಿನಿಂದ ಬಿಡಿಸುತ್ತಿದ್ದ. ಹೊರಗೆ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುತ್ತ ಸಾಲಾಗಿ ಹೋಗುತ್ತಿದ್ದವು.

"ಕುಂದ್ರಿ," ಎಂದ, ಮುಖ ನೋಡದೆ. "ನನ್ನಿಂದ ನಿಮ್ಮ ಮರ್ಯಾದಿ ಹೋತು. ಬಿಲ್ಲಿನ ಕೆಲ್ಸ ಸಾಕ್ರಿ. ನಾಳೆಯಿಂದ ನಾನೂ ಲಾರಿ ಹೊಡ್ಯಾಕ ಹೋಗ್ತೀನಿ."

ಹಸಿಮಣ್ಣಿನ ಉಂಡೆಯನ್ನು ಬಿಲ್ಲು ಹಿಡಿಯುವವರ ಮುಷ್ಟಿಯಲ್ಲಿ ಒತ್ತಿಸಿಕೊಂಡು, ಆ ಅಚ್ಚಿನಂತೆ ಹಿಡಿ ಕೆತ್ತಿ, ಬಿಲ್ಲಿನ ನಡುವಿಗೆ ಅಂಟಿಸಿ ಚರ್ಮ ಸುತ್ತುವುದು ಮೌನೇಶನ ಪದ್ಧತಿ. ಅವಳಿಗೂ ಮಣ್ಣು ಕೊಟ್ಟಿದ್ದ. ಅವಳೋ "ಮನ್ಯಾಗ ಒತ್ತಿ ತರ್ತೀನ್ರಿ" ಎಂದು, ಎಡಗೈಯನ್ನು ವೇಲಿನಲ್ಲಿ ಮುಚ್ಚಿಕೊಂಡು ಓಡಿದ್ದಳು.

ಈಗ ಆ ಕೈ ಹೊರಗೆ ಬಂತು. ಬಂಡ್ರಿ ಊರಿನ ಹತ್ತಿರ ಕೂಲಿಗೆ ಅದಿರು ಒಡೆಯುವಾಗ ಸುತ್ತಿಗೆ ಬಿದ್ದು ನಡುಬೆರಳು ಸೊಟ್ಟಗಾಗಿತ್ತು. ಅಂಗೈ ತುಂಬ ಜಡ್ಡು, ಗೆರೆಗಳಲ್ಲಿ ತೊಳೆದರೂ ಹೋಗದ ಕೆಂಪು.

"ನೀವು ಕೆತ್ತಿದ್ದು ಸರಿ ಐತ್ರಿ. ನಾ ತಂದ ಅಚ್ಚು ನಂದಲ್ಲ, ನಮ್ಮ ಅತ್ತಿಗೀದು. ಆಕಿ ಕೈ ಭಾಳ ಚೆಂದ." ಅವಳು ವೇಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಿನ್ನೆ ಮೈದಾನದಾಗ ಹೇಳಬೇಕಿತ್ತು. ಬಾಯೇ ಬರ್ಲಿಲ್ಲ."

"ಯಾಕ್ರಿ ಹಂಗ ಮಾಡಿದ್ರಿ?"

"ನಾಚಿಕಿ ಆತು."

"ಮೈದಾನದಾಗ ಎಲ್ಲಾರ ಮುಂದ ಇದ ಕೈಲೆ ಬಿಲ್ಲು ಹಿಡೀತೀರಲ್ಲ?"

"ಎಲ್ಲಾರ ಮುಂದ ನಾಚಿಕಿ ಆಗಂಗಿಲ್ರಿ. ನಿಮ್ಮ ಮುಂದ ಅಷ್ಟ."

ಮೌನೇಶ ಉಳಿ ಕೆಳಗಿಟ್ಟ. ಅವನ ಕಣ್ಣು ತಾನಾಗಿಯೇ ಗೋಡೆಯ ಗೂಡಿನತ್ತ ಹೋಯಿತು. ಅಲ್ಲಿ ದೇವರ ಫೋಟೋದ ಪಕ್ಕ ಆ ಮಣ್ಣಿನ ಅಚ್ಚು, ಅದರ ಮೇಲೊಂದು ಕನಕಾಂಬರ ಹೂ. ಹುಲುಗಮ್ಮನೂ ನೋಡಿದಳು. ಅವನ ಮುಖ ಕಿವಿಯವರೆಗೂ ಕೆಂಪೇರಿತು.

"ನಿಮ್ಮದಂತ ಇಟ್ಕೊಂಡಿದ್ನಿ..."

"ಅಯ್ಯ! ದಿನಾ ನಮ್ಮ ಅತ್ತಿಗಿಗೆ ಹೂ ಏರ್ಸಿರೇನು? ಅಣ್ಣಗ ಗೊತ್ತಾದ್ರ ನಿಮ್ಮ ಕಾಲು ಮುರೀತಾನ!"

ಕಣ್ಣಲ್ಲಿ ನೀರಿದ್ದಂತೆಯೇ ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಕೋಚ್ ಸಾಹೇಬ್ರಿಗೆ ನಾನ ಹೇಳ್ತೀನಿ, ತಪ್ಪು ನಂದಂತ. ಬೇಕಾದ್ರ ಮೈಕಿನ್ಯಾಗ," ಎಂದಳು.

ಮೌನೇಶ ಅತ್ತಿಗೆಯ ಅಚ್ಚನ್ನು ತೆಗೆದು ನೀರಿನ ಬಕೆಟ್ಟಿಗೆ ಹಾಕಿದ. ಹಸಿಮಣ್ಣು ಕಲಸಿ ಹೊಸ ಉಂಡೆ ಮಾಡಿ ಅವಳ ಮುಂದಿಟ್ಟ.

"ಇಲ್ಲೇ ಒತ್ರಿ. ನಾಚಿಕಿ ಆದ್ರ ನಾ ಆ ಕಡೆ ತಿರುಗ್ತೀನಿ."

ಅವನು ಅರ್ಧ ತಿರುಗಿಯೂ ಬಿಟ್ಟಿದ್ದ.

"ತಿರುಗಬ್ಯಾಡ್ರಿ," ಎಂದಳು ಹುಲುಗಮ್ಮ. ಸೊಟ್ಟ ಬೆರಳನ್ನೂ ಸೇರಿಸಿ ಮಣ್ಣನ್ನು ಗಟ್ಟಿಯಾಗಿ ಹಿಡಿದಳು.