ಎರಡು ಲ್ಯಾಪ್‌ಟಾಪ್, ಒಂದು ಅಕ್ಷರ

"ತಾಳು ಅಜ್ಜ, ಆ ಅಕ್ಷರ ಇದರಲ್ಲಿ ಇಲ್ವೇ ಇಲ್ಲ" ಎಂದಳು ರನ್ವಾ.

ಅವಳ ಬೆರಳು ಹೊಸ ಲ್ಯಾಪ್‌ಟಾಪಿನ ಕೀಗಳ ಮೇಲೆ ಎರಡು ಸಲ ಆ ತುದಿಯಿಂದ ಈ ತುದಿಗೆ ಓಡಾಡಿ ಬಂದಿತ್ತು. ಮೇಜಿನ ಆಚೆ ಬದಿಯಲ್ಲಿ ದಾನ್ಯಾಲ್ ಅಜ್ಜ ಶನಿವಾರ ಬೆಳಗಿನ ಕಾಫಿ ಹೀರುತ್ತಾ ಕೂತಿದ್ದ. ಅವನಿಗೇನೂ ಅವಸರವಿರಲಿಲ್ಲ.

ಮೇಜಿನ ಮೇಲೆ ಇನ್ನೊಂದು ಲ್ಯಾಪ್‌ಟಾಪೂ ಇತ್ತು. ಎರಡೂ ಒಂದೇ ಕಂಪನಿಯವು, ಎರಡೂ ಸ್ಕೂಲ್ ಬ್ಯಾಗಿನಲ್ಲಿ ಹಿಡಿಸುವಷ್ಟು ಚಿಕ್ಕವು. ಒಂದು ಈ ವರ್ಷದ ಮಾಡೆಲ್, ಡೆನ್ಮಾರ್ಕಿನಿಂದ ಬಂದದ್ದು. ಇನ್ನೊಂದು ಆರು ವರ್ಷ ಹಳೆಯದು. ಯಾವುದೋ ಆಫೀಸಿನಲ್ಲಿ ದುಡಿದು, ರಿಪೇರಿಯಾಗಿ ಮತ್ತೆ ಅಂಗಡಿಗೆ ಬಂದಿತ್ತು. ಕ್ಲಾಕ್ಸ್‌ವೀಕ್ ಪೇಟೆಯ ಆ ಅಂಗಡಿಯಲ್ಲಿ ಸುನ್ವರ್ ಅತ್ತೆಗೆ ಕೆಲಸ. ಶುಕ್ರವಾರ ಸಂಜೆ ಎರಡನ್ನೂ ತಂದಿಟ್ಟು, ಭಾನುವಾರ ಬಂದು ಒಂದನ್ನು ವಾಪಸ್ ಒಯ್ಯುತ್ತೇನೆ, ಅಷ್ಟರೊಳಗೆ ಆರಿಸಿಕೋ ಎಂದು ಹೇಳಿ ಹೋಗಿದ್ದಳು. ಅಪ್ಪ ಮೀನಿನ ಹಡಗಿನಿಂದ ಫೋನ್ ಮಾಡಿ, ಆರಿಸುವುದು ನಿನ್ನದೇ ಕೆಲಸ, ಆಮೇಲೆ ಇನ್ನೊಂದೇ ಚೆನ್ನಾಗಿತ್ತು ಎಂದು ಮುಖ ಊದಿಸಿಕೊಳ್ಳಬಾರದು ಎಂದಿದ್ದ.

ರನ್ವಾಗೆ ಹೋಮ್‌ವರ್ಕ್ ಇತ್ತು. ಊರಿನ ಗುಡ್ಡದ ಮೇಲಿನ ಬಂಡೆ, ತೊರೆ, ಹಳ್ಳ ಇವುಗಳ ಹತ್ತು ಹೆಸರು ಬರೆದು ತರಬೇಕು. ಮ್ಯಾಪಿನಲ್ಲಿ ಇಲ್ಲದ ಹೆಸರುಗಳೇ ಆಗಬೇಕು. ಅಂಥವು ಅಜ್ಜನ ಬಾಯಲ್ಲಿ ನೂರಾರು ಇದ್ದವು.

ಈಗ ಅವನು ಒಂದು ಬಂಡೆಯ ಹೆಸರು ಹೇಳಿದ್ದ. ರನ್ವಾ ಅದನ್ನು 'ದಾರಿಬಂಡೆ' ಎಂದು ಬರೆದಿದ್ದಳು. ಅಜ್ಜ ಸ್ಕ್ರೀನ್ ನೋಡಿ ತಲೆಯಾಡಿಸಿದ.

"ದಾರಿ ಅಲ್ಲ ಪುಟ್ಟಿ, ಹವೆ. ಹವೆಬಂಡೆ. ಮಳೆ ಬರೋ ಮುಂಚೆ ಅದು ಕಪ್ಪಾಗತ್ತೆ."

ಅವರ ಫೆರೋ ದ್ವೀಪಗಳ ಭಾಷೆಯಲ್ಲಿ ದಾರಿ, ಹವೆ ಎರಡೂ ಕಿವಿಗೆ ಒಂದೇ ಥರ. ಬರೆದಾಗ ಮಾತ್ರ ಬೇರೆ. ಹವೆ ಎಂಬ ಪದದ ನಡುವೆ ð ಎಂಬ ಅಕ್ಷರವಿದೆ. ನೆತ್ತಿಯ ಮೇಲೆ ಅಡ್ಡಗೆರೆ ಎಳೆದುಕೊಂಡ ಅಕ್ಷರ. ಅದಕ್ಕೆ ತನ್ನದೇ ಆದ ಸದ್ದೇ ಇಲ್ಲ. ಆ ಬಂಡೆಯ ಪಕ್ಕದಲ್ಲೇ ಕಾಲುದಾರಿ ಹೋಗುತ್ತದೆ; ಹಾಗಾಗಿ ಇಷ್ಟು ವರ್ಷವೂ ರನ್ವಾ ಅದನ್ನು ದಾರಿಬಂಡೆ ಎಂದೇ ತಿಳಿದಿದ್ದಳು. ಸದ್ದೇ ಮಾಡದ ಅಕ್ಷರ ಇಡೀ ಬಂಡೆಯನ್ನೇ ಬದಲಾಯಿಸಿಬಿಟ್ಟಿತಲ್ಲ ಎಂದು ಅವಳಿಗೆ ವಿಚಿತ್ರವೆನಿಸಿತು.

ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಅಕ್ಷರದ ಕೀ ಇತ್ತು. ಡೆನ್ಮಾರ್ಕಿನವರಿಗೆ ಅದು ಬೇಡ, ಹಾಗಾಗಿ ಹೊಸದರಲ್ಲಿ ಇರಲಿಲ್ಲ.

ಅಜ್ಜನಿಗಂತೂ ಹಳೆಯದೇ ಇಷ್ಟವಾಗಿತ್ತು. ಎಷ್ಟೋ ವರ್ಷಗಳ ಹಿಂದೆ ಹಡಗಿನಲ್ಲಿ ಹಗ್ಗ ಸುತ್ತಿಕೊಂಡು ಅವನ ಬಲಗೈ ಬೆರಳುಗಳು ಮಡಚದಂತಾಗಿದ್ದವು. ಪೆನ್ನು ಹಿಡಿಯಲಾಗದು. ಎಡಗೈಯಲ್ಲಿ ಬರೆದರೆ ಕೋಳಿ ಕೆದಕಿದ ಹಾಗೆ. ಶುಕ್ರವಾರ ಸಂಜೆ ಹಳೆಯದರಲ್ಲಿ ಎಡಗೈಯ ಒಂದೇ ಬೆರಳಿನಿಂದ ತನ್ನ ಹೆಸರು ಒತ್ತಿ, ಅದನ್ನು ತುಂಬಾ ಹೊತ್ತು ನೋಡಿದ್ದ.

"ಓದೋಕೆ ಬರತ್ತಲ್ಲ" ಎಂದಿದ್ದ.

ಕಾಫಿ ಮುಗಿದ ಮೇಲೆ ರನ್ವಾ ಲ್ಯಾಪ್‌ಟಾಪ್‌ಗಳನ್ನು ಪರೀಕ್ಷಿಸಲು ಹೊರಟಳು. ಅಮ್ಮನ ತಕ್ಕಡಿಯಲ್ಲಿ ಎರಡನ್ನೂ ತೂಗಿದಳು. ಹೊಸದು ಹಗುರ. ಬಟನ್ ಒತ್ತಿ ಎಣಿಸಿದಳು. ಹೊಸದು ಒಂಬತ್ತು ಎಣಿಸುವಷ್ಟರಲ್ಲಿ ಎದ್ದಿತು. ಹಳೆಯದು ಅರವತ್ತೆರಡಕ್ಕೆ, ಅದೂ ಫ್ಯಾನ್ ಗೊರಗೊರ ಎನ್ನುತ್ತಾ. ಆದರೂ ಅವಳು ಹಳೆಯದನ್ನೇ ಬ್ಯಾಗಿಗೆ ಹಾಕಿಕೊಂಡು ಅಜ್ಜನ ಜೊತೆ, ಅವನು ದೋಣಿ ಇಡುವ ಕಡಲ ದಡದ ದೋಣಿಮನೆಗೆ ನಡೆದಳು. ಗುಡ್ಡ ಎದುರಿಗೆ ಕಂಡರೇನೇ ಅವನಿಗೆ ಹೆಸರುಗಳು ನೆನಪಾಗುವುದು. ದೋಣಿಮನೆಯ ಬಾಗಿಲಿನಿಂದ ಇಡೀ ಗುಡ್ಡ ಕಾಣುತ್ತದೆ. ಅಲ್ಲಿ ಕರೆಂಟ್ ಮಾತ್ರ ಇಲ್ಲ.

ಅಜ್ಜ ತಾನೇ ಬರೆಯಲು ಕೂತ. ಒಂದು ಹೆಸರಾಯಿತು. ಎರಡಾಯಿತು. ಮೂರನೆಯದು ಅರ್ಧವಾದಾಗ ಸ್ಕ್ರೀನ್ ಕಪ್ಪಾಯಿತು. ಅವನು ಇನ್ನೂ ನಾಲ್ಕೈದು ಕೀ ಒತ್ತಿ ನೋಡಿದ.

"ನಾನೇನೋ ತಪ್ಪು ಒತ್ತಿಬಿಟ್ಟೆ" ಎಂದು ಕೈಯನ್ನು ಜೇಬಿಗೆ ಹಾಕಿಕೊಂಡ.

ಬ್ಯಾಟರಿ ಮುಗಿದದ್ದು, ನಿನ್ನ ತಪ್ಪಲ್ಲ ಎಂದು ರನ್ವಾ ಎಷ್ಟು ಹೇಳಿದರೂ ಆ ದಿನ ಆ ಕೈ ಮತ್ತೆ ಹೊರಗೆ ಬರಲಿಲ್ಲ.

ಸಂಜೆ ಅವಳು ಅತ್ತೆಗೆ ಫೋನ್ ಮಾಡಿದಳು. ಹಳೆಯದಕ್ಕೆ ಹೊಸ ಬ್ಯಾಟರಿ ಹಾಕಬಹುದಾ ಎಂದು ಕೇಳಿದಳು. ಆ ಮಾಡೆಲ್‌ನ ಬ್ಯಾಟರಿ ಈಗ ಎಲ್ಲೂ ಸಿಗುವುದಿಲ್ಲ ಎಂದಳು ಅತ್ತೆ. ಹಾಗಾದರೆ ಹೊಸದರಲ್ಲಿ ನಮ್ಮ ಅಕ್ಷರ ಯಾಕಿಲ್ಲ ಎಂದು ಕೇಳಿದಾಗ ಅತ್ತೆ ನಕ್ಕಳು.

"ಅಕ್ಷರ ಕೀ ಮೇಲಿರತ್ತೇನೇ? ಅದು ಬರೀ ಬಣ್ಣ. ಸೆಟಿಂಗ್ಸ್‌ಗೆ ಹೋಗು, ಭಾಷೆ ಬದಲಾಯಿಸು. ಆಮೇಲೆ ಎಂಟರ್ ಪಕ್ಕದ್ದು ಒತ್ತಿ ನೋಡು."

ಎಂಟರ್ ಪಕ್ಕದ ಕೀ ಮೇಲೆ ಎರಡು ಚುಕ್ಕಿಗಳಿದ್ದವು. ರನ್ವಾ ಒತ್ತಿದಳು. ಸ್ಕ್ರೀನಿನ ಮೇಲೆ ð ಬಂತು. ಮತ್ತೆ ಒತ್ತಿದಳು. ಒಂದು ಸಾಲು ತುಂಬಾ ಅದನ್ನೇ ಒತ್ತಿದಳು. ಅಕ್ಷರ ಮೊದಲಿನಿಂದಲೂ ಒಳಗೇ ಇತ್ತು! ಹಾಗಾದರೆ ಇನ್ನೂ ಏನೇನು ಅಡಗಿರಬಹುದು ಎಂದು ಉಳಿದ ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡಿದಳು.

ಭಾನುವಾರ ಬೆಳಗ್ಗೆ ಹೊಸದು ದೋಣಿಮನೆಗೆ ಹೋಯಿತು. ಮಧ್ಯಾಹ್ನವಾದರೂ ಬ್ಯಾಟರಿ ಅರ್ಧವೂ ಖಾಲಿಯಾಗಿರಲಿಲ್ಲ. ಆದರೆ ಅಜ್ಜ ð ಬಂದಾಗಲೆಲ್ಲ ತಡವರಿಸುತ್ತಿದ್ದ. ರನ್ವಾಗೆ ಆ ಕೀ ಬೆರಳಿಗೆ ಬಂದುಬಿಟ್ಟಿತ್ತು. ಅಜ್ಜನಿಗೆ ಅದು ಕಣ್ಣಿಗೆ ಕಾಣಬೇಕಿತ್ತು. ಅವಳು ಪ್ರತಿ ಸಲವೂ, ಅಲ್ಲಿ, ಎಂಟರ್ ಪಕ್ಕ, ಅದಲ್ಲ, ಅದರ ಮೇಲಿಂದು ಎಂದು ತೋರಿಸಿದಳು. ನಾಲ್ಕನೇ ಸಲ ಅವನು ಲ್ಯಾಪ್‌ಟಾಪನ್ನೇ ಅವಳತ್ತ ತಳ್ಳಿದ.

"ನೀನೇ ಒತ್ತು. ನಾನು ಹೇಳ್ತೀನಿ."

ಹತ್ತು ಹೆಸರುಗಳು ಬೇಗ ಮುಗಿದವು. ಕೊನೆಯ ಐದನ್ನು ರನ್ವಾಳೇ ಬರೆದಿದ್ದಳು. ಹೋಮ್‌ವರ್ಕ್ ಮುಗಿದರೂ ಅವಳಿಗೆ ಖುಷಿಯಾಗಲಿಲ್ಲ.

ಸಂಜೆ ಸುನ್ವರ್ ಅತ್ತೆ ಬಂದಾಗ ರನ್ವಾ ಹಳೆಯದನ್ನು ಅವಳ ಕೈಗಿಟ್ಟಳು.

"ಹೊಳೆಯೋದನ್ನೇ ಇಟ್ಕೊಂಡ್ಯಾ?" ಎಂದು ಅತ್ತೆ ಛೇಡಿಸಿದಳು. "ಹಳೇದರಲ್ಲಿ ಅಕ್ಷರ ಬರೆದಿದೆ. ಅಜ್ಜನಿಗೆ ಅದೇ ಸುಲಭ ಅಲ್ವಾ?"

"ಅಜ್ಜನಿಗೆ ಒಂದು ಹೆಸರು ಬರೆಯೋಕೆ ತುಂಬಾ ಹೊತ್ತು ಬೇಕು ಅತ್ತೆ. ಹಳೇದು ಅಷ್ಟೊತ್ತು ಕಾಯಲ್ಲ."

ಅತ್ತೆ ಅವಳ ಮುಖ ನೋಡಿದಳು. ಹಳೆಯದನ್ನು ಚೀಲಕ್ಕೆ ಹಾಕಿಕೊಂಡಳು.

ಅತ್ತೆ ಹೋದ ಮೇಲೆ ರನ್ವಾ ಕಾಗದದ ಚೂರೊಂದರ ಮೇಲೆ ದಪ್ಪಗೆ ð ಬರೆದು, ಎರಡು ಚುಕ್ಕಿಯ ಕೀ ಮೇಲೆ ಟೇಪ್ ಹಚ್ಚಿ ಅಂಟಿಸಿದಳು.

ಸೋಮವಾರ ಸ್ಕೂಲಿನಿಂದ ನೇರ ದೋಣಿಮನೆಗೆ ಹೋದಳು. ಹೋಮ್‌ವರ್ಕ್ ಕೊಟ್ಟಾಗಿತ್ತು. ಆದರೂ ಲ್ಯಾಪ್‌ಟಾಪ್ ತೆಗೆದು ಅಜ್ಜನ ಮುಂದಿಟ್ಟು, ಇನ್ನೂ ಹೆಸರು ಇದೆಯಾ ಎಂದು ಕೇಳಿದಳು. ಅಜ್ಜ ಗುಡ್ಡ ನೋಡಿದ, ಲ್ಯಾಪ್‌ಟಾಪ್ ನೋಡಿದ. ಮೆಲ್ಲಗೆ ಎಡಗೈಯನ್ನು ಜೇಬಿನಿಂದ ತೆಗೆದ.

ಟಕ್. ಟಕ್. ಆಮೇಲೆ ಸದ್ದು ನಿಂತಿತು. ಅವನ ಬೆರಳು ಕೀಗಳ ಮೇಲೆ ಅಲೆಯತೊಡಗಿತು. ಎಡಕ್ಕೆ ಹೋಯಿತು, ನಡುವೆ ನಿಂತಿತು. ಅಂಟಿಸಿದ ಚೂರು ಅವನಿಗಿನ್ನೂ ಕಂಡಿರಲಿಲ್ಲ.

'ಅಲ್ಲಿ' ಎಂಬ ಮಾತು ರನ್ವಾಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡು, ಎದ್ದು ಬಾಗಿಲ ಬಳಿ ಹೋಗಿ, ಗುಡ್ಡದ ಮೇಲೆ ಮೇಯುತ್ತಿದ್ದ ಕುರಿಗಳನ್ನು ಎಣಿಸುತ್ತಾ ನಿಂತಳು. ಹದಿನೇಳಾದವು. ಹದಿನೆಂಟು. ಹತ್ತೊಂಬತ್ತು.

ಹಿಂದಿನಿಂದ ಟಕ್ ಎಂದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಕುರಿಗಳನ್ನು ಮೊದಲಿನಿಂದ ಎಣಿಸತೊಡಗಿದಳು.