ದಿಬ್ಬದ ದಾರಿಯಲ್ಲಿ ನಿಂತ ದೋಣಿ

ಮದುವೆಯಾದ ಹೊಸದರಲ್ಲಿ ದಸ್ತಗೀರಸಾಬ ಹೆಂಡತಿ ಖೈರುನಬಿಗೆ ಮಾತು ಕೊಟ್ಟಿದ್ದ: "ಹಿನ್ನೀರ ಇಳಿದು ದಿಬ್ಬ ಕಂಡ್ರ, ನಿಮ್ಮವ್ವನ ಗೋರಿಗೆ ನಿನ್ನ ಕರಕೊಂಡ ಹೋಗ್ತೇನಿ."

ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಆ ಗೋರಿಗಳ ದಿಬ್ಬ ಎಷ್ಟೋ ಬೇಸಿಗೆ ಏಳಲೇ ಇಲ್ಲ. ಎದ್ದಾಗ ಅವನಿಗೆ ಪುರಸೊತ್ತಿರಲಿಲ್ಲ. ಈ ಸಲ ಎದ್ದಿತ್ತು. ಆದರೆ ಮೇಲಿನ ಸೀಮೆಯಲ್ಲಿ ಮಳೆ ಹಿಡಿದಿತ್ತು, ಹೊಸ ನೀರು ಬಂದರೆ ಮತ್ತೆ ಮುಳುಗುವುದೇ. ಖೈರುನಬಿಯ ಉಬ್ಬಸವೂ ಏರುತ್ತಿತ್ತು. ಇನ್ನೊಂದು ಬೇಸಿಗೆಯನ್ನು ನಂಬಿ ಕೂರುವ ಧೈರ್ಯ ಅವನಿಗಿರಲಿಲ್ಲ.

ಬಾಗಲಕೋಟೆಯ ದಂಡೆಯಿಂದ ಅವನ ಎಂಜಿನ್ ದೋಣಿಯಲ್ಲಿ ಮೂವರು ಹೊರಟರು. ಮೂರನೆಯವನು ಅವನ ಬಾಲ್ಯದ ಗೆಳೆಯ, ವಿದ್ಯಾಗಿರಿಯ ಗುರುರಾಜ ಮಾಸ್ತರ. ಮಣ್ಣು ಬಣ್ಣದ ನೀರು ಕಣ್ಣು ಹಾಯುವಷ್ಟು ದೂರ ಹರಡಿತ್ತು. ಮುಳುಗಿದ ಹೊಲಗಳ ಒಣ ಜಾಲಿಗಳು ಕರಿ ಕೈಗಳನ್ನು ಮೇಲೆತ್ತಿ ನಿಂತಿದ್ದವು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಆಚೆಗೆ, ಈಜುವ ಎಮ್ಮೆಯ ಬೆನ್ನಿನಂತೆ, ದಿಬ್ಬ.

ಜಾಲಿಗಳ ಹತ್ತಿರ ದಸ್ತಗೀರಸಾಬ ವೇಗ ತಗ್ಗಿಸಿದ. ಎಂಜಿನ್ ಒಮ್ಮೆ ಬಿಕ್ಕಿ ನಿಂತೇಬಿಟ್ಟಿತು.

ಹಗ್ಗ ಜಗ್ಗಿದ. ಸದ್ದಿಲ್ಲ. ಮತ್ತೆ ಜಗ್ಗಿದ.

"ಲೇ, ಇದು ನಮ್ಮ ಸಾಲಿ ಹುಡುಗೂರಂಗ ಐತಿ. ಎಷ್ಟ ಜಗ್ಗಿದ್ರೂ ಏಳೂದಿಲ್ಲ!" ಎಂದ ಗುರುರಾಜ.

ಗಾಳಿ ಎದ್ದಿತು. ದೋಣಿ ಅಡ್ಡ ತಿರುಗಿ ಮುಳ್ಳುಬೊಡ್ಡೆಗಳತ್ತ ಸರಿಯತೊಡಗಿತು. ಗುರುರಾಜನ ನಗೆ ಆರಿತು. ಗಳ ಊರಿ ದೋಣಿಯನ್ನು ಹಿಂದಕ್ಕೆ ಒತ್ತಿದ.

ದಸ್ತಗೀರಸಾಬ ಪ್ಲಗ್ ಬಿಚ್ಚಿದ. ಕಿಡಿ ಚೆನ್ನಾಗಿತ್ತು. ಪ್ಲಗ್ ಮಾತ್ರ ಒಣಒಣ.

ಸೆರಗನ್ನು ಮೂಗಿಗೆ ಹಿಡಿದು ಕೂತಿದ್ದ ಖೈರುನಬಿ ಅದನ್ನು ಮೆಲ್ಲಗೆ ಇಳಿಸಿದಳು. "ಏನ್ರಿ, ಇಷ್ಟ ಜಗ್ಗೀರಿ, ಪೆಟ್ರೋಲ್ ವಾಸನಿನ ಬರವಲ್ದಲ್ಲ?"

ಅವನ ಕೈ ನಿಂತಿತು.

"ನಿನ್ನಿ ಕಾರ್ಬುರೇಟರ್ ಸ್ಕ್ರೂ ನಾನ ಬಿಗಿ ಮಾಡೇನಿ," ಎಂದ. "ಜೋರ ಇದ್ದಾಗ ನಡೀತು, ನಿಧಾನ ಮಾಡಿದ ಕೂಡ್ಲೆ ನಿಂತೈತಿ. ಪೆಟ್ರೋಲ್ ಕಡಿಮಿ ಹೋದ್ರ ಹೊಗಿನೂ ಕಡಿಮಿ. ನಿನಗ ಕೆಮ್ಮ ಬರ್ತೈತಿ ಅಂತ..."

"ಪ್ರೀತಿ ಇದ್ರ ಮಲ್ಲಿಗಿ ತಂದ ಕೊಡಬೇಕಲೇ!" ಗಳದ ಮೇಲೆ ಜೋತುಬಿದ್ದೇ ಗುರುರಾಜ ಕೂಗಿದ. "ಎಂಜಿನ್ ಉಪವಾಸ ಕೆಡವತಾರೇನ?"

ಖೈರುನಬಿ ಗಂಡನನ್ನೇ ನೋಡಿದಳು. "ಸಡ್ಲ ಮಾಡ್ರಿ ಅದನ್ನ. ಕೆಮ್ಮ ನಂದು, ನಾ ಕೆಮ್ಮತೇನಿ."

ಕೊಂಬೆಯೊಂದು ದೋಣಿಯನ್ನು ಪರಪರ ಕೆರೆಯಿತು. ಅವನು ಸ್ಕ್ರೂವನ್ನು ಹಗುರಾಗಿ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬಿಟ್ಟ. ಪ್ಲಗ್ ಕೂಡಿಸಿದ. ಚೋಕ್ ಎಳೆದ. ಮೈಯೆಲ್ಲ ಭಾರ ಹಾಕಿ ಜಗ್ಗಿದ.

ಬಿಕ್ಕಿತು. ಮತ್ತೆ ಜಗ್ಗಿದ.

ಎಂಜಿನ್ ಗುಡುಗಿತು. ನೀಲಿ ಹೊಗೆ ಮೂವರನ್ನೂ ಮುಸುಕಿತು. ಖೈರುನಬಿ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಅವನ ಕೈ ಎಂಜಿನ್ನಿನ ಕಡೆ ಹೋದದ್ದು ಕಂಡು, ಕೆಮ್ಮುತ್ತಲೇ ನಕ್ಕು, ನಡೀರಿ ನಡೀರಿ ಎಂದು ಕೈ ಬೀಸಿದಳು.

ದಿಬ್ಬದ ಮೇಲೆ ಹಿನ್ನೀರು ಬಿಟ್ಟುಹೋದ ಗೋಡುಮಣ್ಣು ಎಲ್ಲವನ್ನೂ ಸಮ ಮಾಡಿತ್ತು. ಯಾವ ಗೋರಿ ಯಾರದೋ ತಿಳಿಯಲಿಲ್ಲ. ಖೈರುನಬಿ ಅಲ್ಲಿ ಮಲಗಿದ್ದವರೆಲ್ಲರಿಗೂ ಸೇರಿಸಿ ಫಾತೆಹಾ ಓದಿದಳು. ಬಿಸಿ ಕಲ್ಲೊಂದರ ಮೇಲೆ ಕೈಯಿಟ್ಟು, "ಅವ್ವಾ, ನಿನ್ನ ಅಳಿಯಾನೂ ಬಂದಾನ," ಎಂದಳು. ದಸ್ತಗೀರಸಾಬ ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕೂತ.

ಮರಳುವಾಗ ಅಲೆಗಳು ದೋಣಿಯೊಳಗೇ ಹಾರಿದವು. ಗುರುರಾಜ ಡಬ್ಬಿಯಿಂದ ನೀರು ಎತ್ತಿ ಎತ್ತಿ ಚೆಲ್ಲಿದ. ಎಂಜಿನ್ ಎಲ್ಲೂ ನಿಲ್ಲಲಿಲ್ಲ. ಮೂವರೂ ತೊಯ್ದು ತೊಪ್ಪೆಯಾಗಿ ದಂಡೆ ಮುಟ್ಟಿದರು.

ದಸ್ತಗೀರಸಾಬ ಕೊಟ್ಟ ಮಾತು ನಡೆಯಿತು.