ಎರಡು ತುಂಡಾದ ಡಿಸ್ಕ್

ಗಡಿಯಾರದಂಗಡಿಯ ಮಗಳು ಬೆಳಿಗ್ಗೆ ಹನ್ನೊಂದಕ್ಕೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಾಗ ಅವಳ ಕಾಲಿನ ಎರಡು ಚಪ್ಪಲಿಗಳು ಬೇರೆ ಬೇರೆ ಜೋಡಿಯವಾಗಿದ್ದವು. ಬಾಗಿಲು ತೆಗೆದ ಕಂಡಕ್ಟರ್ ಮೊದಲು ನೋಡಿದ್ದು ಅದನ್ನೇ. ನಗು ಬಂತು, ಆದರೆ ಅವಳ ಮುಖ ಕಂಡ ಮೇಲೆ ನಗದೆ ದಾರಿ ಬಿಟ್ಟ.

"ಟೀಚರಮ್ಮ ಇದಾರಾ?"

ಟೀಚರಮ್ಮ ಎಂದರೆ ಕಂಡಕ್ಟರನ ಅಕ್ಕ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ, ಈಗ ಊರವರ ಕಗ್ಗಂಟುಗಳನ್ನು ಬಿಡಿಸುತ್ತಿದ್ದವರು. ಬಸ್ಸಿನ ಕೆಲಸದಿಂದ ನಿವೃತ್ತನಾದ ತಮ್ಮ ಅವರು ಹೋದಲ್ಲೆಲ್ಲ ಬಾಲದಂತೆ ಹೋಗುತ್ತಿದ್ದ. ತಾನಿಲ್ಲದಿದ್ದರೆ ಅಕ್ಕನಿಗೆ ಒಂದು ಕೇಸೂ ದಕ್ಕುತ್ತಿರಲಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ.

ಮಗಳು ಒಂದು ಕಾಗದದ ಲಕೋಟೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಎರಡು ತುಂಡಾದ ಡಿವಿಡಿ ಹೊರಗೆ ಬಿತ್ತು.

"ಅಪ್ಪನ ಮಾತು ಇದರಲ್ಲಿತ್ತು ಟೀಚರಮ್ಮ. ಗೋಪುರದ ದೊಡ್ಡ ಗಡಿಯಾರ ಬಿಚ್ಚಿ ಜೋಡಿಸೋದು ಹೇಗೆ ಅಂತ ಎರಡು ಗಂಟೆ ಹೇಳ್ಕೊಟ್ಟಿದ್ರು. ಅದಾದ ವಾರಕ್ಕೆ ಲಕ್ವ ಹೊಡೀತು, ಮಾತೇ ನಿಂತುಹೋಯ್ತು. ಸೋಮವಾರ ಮ್ಯೂಸಿಯಂನವರು ಬಂದು ಇದನ್ನ ತಗೊಂಡು ಹೋಗೋರಿದ್ರು. ಇನ್ನೊಂದು ಪ್ರತಿ ಇಲ್ಲ. ಅದನ್ನ ತೆಗೆದ ವಿಡಿಯೋದವನ ಕಂಪ್ಯೂಟರ್ ಕೆಟ್ಟು ಅಲ್ಲಿದ್ದದ್ದೂ ಹೋಯ್ತು."

"ಯಾರ ಕೆಲಸ ಅಂತೀಯ?"

"ಮೇಸ್ತ್ರಿದು. ಇಪ್ಪತ್ತೆರಡು ವರ್ಷ ನಮ್ಮಲ್ಲಿ ಗಡಿಯಾರ ರಿಪೇರಿ ಮಾಡ್ಕೊಂಡಿದ್ದೋರು! ಡಿಸ್ಕ್ ವರ್ಕ್‌ಶಾಪಲ್ಲೇ ಇತ್ತು. ವರ್ಕ್‌ಶಾಪ್ ಬೀಗದ ಕೈ ಒಂದು ಅವರ ಹತ್ರ ಇರತ್ತೆ, ಇನ್ನೊಂದು ನಮ್ಮನೆ ಮೊಳೆ ಮೇಲೆ. ಬೆಳಿಗ್ಗೆ ಬಾಗಿಲು ತೆಗೆದು, ಡಿಸ್ಕ್ ಮುರಿದಿದೆ ಅಂದೋರೂ ಅವರೇ. ನಿಮ್ಮಪ್ಪನ ವಿದ್ಯೆ ಹೊರಗಿನೋರಿಗೆ ಕೊಡಬೇಡಮ್ಮ ಅಂತ ಮೊನ್ನೆ ನನ್ನ ಜೊತೆ ಜಗಳ ಆಡಿದ್ರು. ಕೀ ಕಿತ್ಕೊಂಡು ಕಳಿಸ್ಬಿಟ್ಟೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಒಂದು ಮಾತೂ ಆಡದೆ ಹೋದ್ರು ಟೀಚರಮ್ಮ. ಅವರೇ ಮಾಡಿದ್ದು ಅಂತಾದ್ರೂ ಹೇಳಿ, ಅವರಲ್ಲ ಅಂತಾದ್ರೂ ಹೇಳಿ."

ಟೀಚರಮ್ಮ ಲಕೋಟೆ ಎತ್ತಿ ನೋಡಿದರು. ವಿಡಿಯೋದವನ ಕೈಬರಹದಲ್ಲಿ 'ಗಡಿಯಾರದ ಪಾಠ, ಕಂಪ್ಯೂಟರಿನಲ್ಲಿ 4.5 ಜಿಬಿ' ಎಂದಿತ್ತು. ಡಿಸ್ಕಿನ ತುಂಡುಗಳನ್ನು ಜೋಡಿಸಿ ಹಿಡಿದಾಗ ಮೇಲೆ ಅಚ್ಚಾಗಿದ್ದದ್ದು 4.7 ಜಿಬಿ.

"ಸರಿಯಾಗೇ ಇದೆಯಲ್ಲ," ಎಂದ ಕಂಡಕ್ಟರ್. "ನಲವತ್ತೇಳು ಸೀಟಿನ ಬಸ್ಸಿಗೆ ನಲವತ್ತೈದು ಜನ. ಇನ್ನೂ ಎರಡು ಟಿಕೆಟ್ ಕೊಡಬಹುದು."

ಅಕ್ಕ ಡಿಸ್ಕಿನ ಅಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. ಒಳಗಿನಿಂದ ಅಂಚಿನವರೆಗೂ ಒಂದೇ ಬಣ್ಣ.

ಮಧ್ಯಾಹ್ನ ಮೂರಕ್ಕೆ ಅಕ್ಕತಮ್ಮ ಗಡಿಯಾರದವರ ಮನೆಗೆ ಹೋದರು. ಮುಂದೆ ವರ್ಕ್‌ಶಾಪ್, ಹಿಂದೆ ಮನೆ. ಮಂಚದ ಮೇಲೆ ಮಲಗಿದ್ದ ಯಜಮಾನರ ಬಾಯನ್ನು ಅಮ್ಮ ಮೆತ್ತಗೆ ಒರೆಸುತ್ತಿದ್ದರು. ಕಂಡಕ್ಟರ್ ಕುಡಿದ ನೀರಿನ ಲೋಟವನ್ನು ಟಿವಿಯ ಕೆಳಗಿದ್ದ ಡಿವಿಡಿ ಪ್ಲೇಯರಿನ ಮೇಲೆ ಇಟ್ಟ. ಪ್ಲೇಯರ್ ಬೆರಳಿಗೆ ಬೆಚ್ಚಗೆ ತಾಗಿತು.

"ಅಯ್ಯೋ, ಅಲ್ಲಿಡಬೇಡಿ!" ಅಮ್ಮ ಗಾಬರಿಯಿಂದ ಎದ್ದು ಬಂದು, ಸ್ಟೂಲಿನ ಮೇಲೆ ಒಂದು ಹೊಳೆಯುವ ಡಿಸ್ಕ್ ಇಟ್ಟು ಅದರ ಮೇಲೆ ಲೋಟ ಕೂರಿಸಿದರು. "ಇವು ಯಾವುದಕ್ಕೋ ತಂದು ಉಪಯೋಗಕ್ಕೆ ಬರದೆ ಉಳಿದವು. ಲೋಟದ ಅಡಿಗೆ ಚೆನ್ನಾಗಿವೆ."

"ಟಿವಿ ನೋಡ್ತೀರಾ ಅಮ್ಮ?" ಟೀಚರಮ್ಮ ಕೇಳಿದರು.

"ಎಲ್ಲಿ ನೋಡೋದು? ಅದನ್ನ ಹಾಕಿ ತಿಂಗಳಾಯ್ತು."

ಕಂಡಕ್ಟರ್ ಬೆರಳು ನೋಡಿಕೊಂಡ. ಟೀಚರಮ್ಮ ಕಪಾಟಿನತ್ತ ನೋಡಿದರು. ಅಂಥವೇ ಇನ್ನು ಮೂರು ಡಿಸ್ಕುಗಳು ಲೋಟಗಳ ಅಡಿಯಲ್ಲಿದ್ದವು.

ಸಂಜೆ ಐದಕ್ಕೆ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ಮೇಸ್ತ್ರಿ ಒಳಗೆ ಬರಲೊಪ್ಪದೆ ಹೊಸ್ತಿಲಾಚೆಯೇ ನಿಂತರು. ಟೀಚರಮ್ಮ ಮುರಿದ ಡಿಸ್ಕನ್ನು ವಿಡಿಯೋದವನಿಗೆ ಕೊಟ್ಟರು.

"ಇಂಥಾ ಡಿಸ್ಕಿಗೆ ಆ ಪಾಠ ಹಾಕಿಕೊಡ್ತೀಯೇನಪ್ಪ?"

ಅವನು ಒಂದು ಸಲ ತಿರುಗಿಸಿ ನೋಡಿದ. "ಆಗಲ್ಲ ಟೀಚರಮ್ಮ. ಇದರಲ್ಲಿ ಹಿಡಿಸಲ್ಲ. ನಾನು ಕೊಟ್ಟಿದ್ದು ಇದಲ್ಲವೇ ಅಲ್ಲ!"

ಕಂಡಕ್ಟರ್ ಅವನ ಕೈಯಿಂದ ಡಿಸ್ಕ್ ಕಸಿದುಕೊಂಡು ಅಚ್ಚನ್ನು ತೋರಿಸಿದ. "ನಾಲ್ಕೂವರೆ ಹೋಗಿ ನಾಲ್ಕು ಪಾಯಿಂಟ್ ಏಳರಲ್ಲಿ ಹಿಡಿಸಲ್ವಾ? ಇದ್ಯಾವ ಊರ ಲೆಕ್ಕ?"

"ಎರಡು ಊರ ಲೆಕ್ಕ ಕಣೋ," ಎಂದರು ಅಕ್ಕ. "ಡಿಸ್ಕ್ ಮಾಡೋರು ಸಾವಿರ ಸಾವಿರವಾಗಿ ಎಣಿಸ್ತಾರೆ. ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕಕ್ಕೆ ಒಂದು ಅನ್ನುತ್ತೆ. ಜಿಬಿಗೆ ಬರೋ ಹೊತ್ತಿಗೆ ಹಾಗೆ ಮೂರು ಮೆಟ್ಟಿಲು ಹತ್ತಬೇಕು, ಒಂದೊಂದರಲ್ಲೂ ಚೂರು ಚೂರು ಸೋರುತ್ತೆ. ಹೊರಗೆ 4.7 ಅಂತ ಬರೆದಿರೋದು ಕಂಪ್ಯೂಟರಿಗೆ 4.38 ಮಾತ್ರ. ನಿನ್ನ ಬಸ್ಸಿಗೆ ಸೀಟು ನಲವತ್ನಾಲ್ಕೂ ಇಲ್ಲ. ನಲವತ್ತೈದನೇ ಪ್ರಯಾಣಿಕ ರಸ್ತೇಲೇ ನಿಂತ."

"ಅದಕ್ಕೇ ನಾನು ಎರಡು ಪದರದ ಡಿಸ್ಕ್ ಹಾಕಿಕೊಟ್ಟೆ," ಎಂದ ವಿಡಿಯೋದವನು. "ಒಂದರ ಮೇಲೊಂದು ಎರಡು ಪದರ, ಹೆಚ್ಚುಕಮ್ಮಿ ಎಂಟು ಹಿಡಿಸುತ್ತೆ. ಮೇಸ್ತ್ರಿ ಮೊದಲು ಇಂಥಾ ಮಾಮೂಲಿ ಡಿಸ್ಕೇ ಐದು ತಂದಿದ್ರು. ವಾಪಸ್ ಕೊಟ್ಟೆ."

"ಅವನ್ನ ನಾನು ಅಮ್ಮನಿಗೆ ಕೊಟ್ಟೆ," ಹೊಸ್ತಿಲಾಚೆಯಿಂದ ಮೇಸ್ತ್ರಿ ಹೇಳಿದರು. ಅಷ್ಟೇ.

"ಕೇಳಿದ್ಯಾ ತಾಯಿ?" ಟೀಚರಮ್ಮ ಮಗಳ ಕಡೆ ತಿರುಗಿದರು. "ಇದು ಏನೂ ಬರೆಯದ ಖಾಲಿ ಡಿಸ್ಕ್. ಬರೆದಿದ್ರೆ, ಬರೆದ ಜಾಗಕ್ಕೂ ಖಾಲಿ ಜಾಗಕ್ಕೂ ಬಣ್ಣ ಬೇರೆ ಕಾಣುತ್ತೆ, ಇದರಲ್ಲಿ ಕಾಣಲ್ಲ. ಇದರಲ್ಲಿ ಪಾಠ ಹಿಡಿಸಲ್ಲ ಅಂತ ಮೇಸ್ತ್ರಿಗೂ ಗೊತ್ತಿತ್ತು, ವಿಡಿಯೋದವನಿಗೂ ಗೊತ್ತಿತ್ತು. ನಿಜವಾದದ್ದನ್ನ ತೆಗೆದು ಇದನ್ನಿಟ್ಟು ಮೋಸ ಮಾಡೋಕೆ ಅವರಿಬ್ಬರೂ ಹೋಗ್ತಿರಲಿಲ್ಲ. ಎಲ್ಲ ಡಿಸ್ಕೂ ಒಂದೇ ಅಂದ್ಕೊಂಡೋರು ಮಾಡಿದ್ದಿದು. ಐದರಲ್ಲಿ ಈಗ ಈ ಮನೇಲಿ ಉಳಿದಿರೋದು ನಾಲ್ಕು. ಬೀಗದ ಕೈ ಮೊಳೆ ಮೇಲೆ. ತಿಂಗಳಿಂದ ಹಾಕದ ಪ್ಲೇಯರ್ ಮಧ್ಯಾಹ್ನ ನನ್ನ ತಮ್ಮನ ಕೈಗೆ ಬೆಚ್ಚಗೆ ತಾಗಿತು." ಅವರ ದನಿ ಇಳಿಯಿತು. "ಅಮ್ಮ, ನಿಮಗೆ ತಿಳಿದಿಲ್ಲ ಅನ್ಸುತ್ತೆ. ಈ ಡಿಸ್ಕ್ ಮುರಿದದ್ದಕ್ಕೆ ಇವತ್ತು ಬೆಳಿಗ್ಗೆ ಮೇಸ್ತ್ರಿನ ಕೆಲಸದಿಂದ ಕಳಿಸಿದ್ದಾರೆ."

ಅಮ್ಮನ ಕೈಯಲ್ಲಿದ್ದ ಬಟ್ಟೆ ಜಾರಿಬಿತ್ತು. "ಮೇಸ್ತ್ರಿನ? ನಮ್ಮ ಮೇಸ್ತ್ರಿನ?" ಹೊಸ್ತಿಲಾಚೆ ನಿಂತವರತ್ತ ನೋಡಿದರು. "ದೇವರೇ, ಏನು ಮಾಡಿಬಿಟ್ಟೆ ನಾನು!"

"ಅಮ್ಮಾ, ನೀನಾ?" ಮಗಳು ಅವರತ್ತ ತಿರುಗಿದಳು.

"ದಿನಾ ಮಧ್ಯಾಹ್ನ ತಂದು ಕೇಳಿ ವಾಪಸ್ ಇಡ್ತಿದ್ದೆ ಕಣೆ. ಅವರ ದನಿ ಇರೋದು ಅದೊಂದರಲ್ಲೇ. ನೀನು ಅದನ್ನ ಯಾರಿಗೋ ಕೊಟ್ಟುಬಿಡ್ತೀನಿ ಅಂದೆ. ಮುರಿದುಹೋಯ್ತು ಅಂದ್ರೆ ಯಾರೂ ಕೇಳಲ್ಲ ಅಂದ್ಕೊಂಡೆ." ಅವರು ಪ್ಲೇಯರಿನ ಗುಂಡಿ ಒತ್ತಿದರು. "ಇದರೊಳಗೇ ಇದೆ."

ಪರದೆಯ ಮೇಲೆ ಗೋಪುರದ ಹಲ್ಲುಚಕ್ರಗಳು ಮೂಡಿದವು. ಮಧ್ಯಾಹ್ನ ನಿಲ್ಲಿಸಿದ್ದಲ್ಲಿಂದಲೇ, ಬಹುಶಃ ಕೊನೆಯ ಹತ್ತು ನಿಮಿಷ. ಮಂಚದ ಮೇಲೆ ಮಾತಿಲ್ಲದೆ ಮಲಗಿದ್ದ ಮನುಷ್ಯ ಅಲ್ಲಿ ಗಟ್ಟಿ ದನಿಯಲ್ಲಿ ಗದರುತ್ತಿದ್ದರು. "ದೀಪ ಇನ್ನೂ ಹತ್ತಿರ ಹಿಡಿಯೋ ಮೇಸ್ತ್ರಿ! ಹಾಂ, ಹಾಗೆ. ನೋಡಮ್ಮ ಮಗಳೇ, ಎಲ್ಲ ಹೇಳಿಕೊಟ್ಟೆ. ಒಂದು ಮಾತ್ರ ಮರೀಬೇಡ. ಇವನು ದೀಪ ಹಿಡಿಯದಿದ್ರೆ ಈ ಗಡಿಯಾರ ನನ್ನ ಕೈಲೂ ನಡೆಯಲ್ಲ. ಇವನನ್ನ ಎಂದೂ ಬಿಡಬೇಡ."

ಮಗಳು ಮುಖ ಮುಚ್ಚಿಕೊಂಡಳು. ಅಪ್ಪನ ದನಿ ಕೇಳುವ ಧೈರ್ಯವಿಲ್ಲದೆ ಅವರ ಮಾತು ನಿಂತ ಈ ಹನ್ನೊಂದು ತಿಂಗಳಲ್ಲಿ ಅವಳು ಒಮ್ಮೆಯೂ ಈ ಡಿಸ್ಕ್ ಹಾಕಿ ನೋಡಿರಲಿಲ್ಲ.

"ಇನ್ನೊಂದು ಎರಡು ಪದರದ್ದು ತರ್ತೀನಿ ಅಮ್ಮ," ವಿಡಿಯೋದವನು ಮೆಲ್ಲಗೆ ಹೇಳಿದ. "ಮ್ಯೂಸಿಯಂಗೊಂದು, ನಿಮಗೊಂದು."

"ಎರಡು ಮಾಡಿದ್ರೆ ಅವರ ಮಾತು ಅರ್ಧರ್ಧ ಆಗಲ್ವಾ?"

"ಇಲ್ಲಮ್ಮ. ಅದರಲ್ಲೂ ಪೂರ್ತಿ, ಇದರಲ್ಲೂ ಪೂರ್ತಿ."

ಮಗಳು ಎದ್ದು ಹೊಸ್ತಿಲಿಗೆ ಹೋಗಿ, ವರ್ಕ್‌ಶಾಪಿನ ಬೀಗದ ಕೈಯನ್ನು ಎರಡೂ ಕೈಯಿಂದ ಚಾಚಿದಳು. ಮೇಸ್ತ್ರಿ ಕೀಯನ್ನು ನೋಡಲಿಲ್ಲ. ಬಾಗಿಲಾಚೆ ಅವಳು ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿದರು. ಬೆಳಿಗ್ಗೆಯಿಂದ ಅವಳು ಅವನ್ನು ಬದಲಿಸಿರಲೇ ಇಲ್ಲ.

"ಮೊದಲು ಚಪ್ಪಲಿ ಸರಿಯಾದ ಜೋಡಿ ಹಾಕ್ಕೋಮ್ಮ," ಎಂದು ಕೀ ತೆಗೆದುಕೊಂಡರು. "ಗೋಪುರದ ಗಡಿಯಾರಕ್ಕೆ ನಾಳೆ ಕೀಲಿ ಕೊಡಬೇಕು. ದೀಪ ನಾನು ಹಿಡೀತೀನಿ."